ಪುಟ್ಟ ದ್ವೀಪ ದೇಶಗಳ ಪ್ರವಾಸೋದ್ಯಮ ಯೋಜನೆ: ಓದಿನಿಂದ ಅಧ್ಯಾಪಕ ಹುದ್ದೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

2014ರ ಡಿಸೆಂಬರ್ 4ರಂದು ಮಾಲ್ಡೀವ್ಸ್ ರಾಜಧಾನಿ ಮಾಲೆಯಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಘಟಕಕ್ಕೆ ಬೆಂಕಿ ಬಿತ್ತು. ಒಂದು ಲಕ್ಷಕ್ಕೂ ಜಾಸ್ತಿ ಜನರ ಮನೆಯ ನಲ್ಲಿ ಒಣಗಿತು. ಬೇರೆ ದೇಶಗಳಿಂದ ವಿಮಾನದಲ್ಲಿ, ಹಡಗಿನಲ್ಲಿ ಕುಡಿಯುವ ನೀರು ತರಿಸಬೇಕಾಯಿತು. ಆದರೆ ಆ ದೇಶದ ರೆಸಾರ್ಟ್‌ಗಳು ಬೇರೆ ಬೇರೆ ದ್ವೀಪಗಳಲ್ಲಿವೆ. ಅವು ತಮ್ಮ ನೀರನ್ನು ತಮ್ಮದೇ ಘಟಕದಲ್ಲಿ ಮಾಡಿಕೊಳ್ಳುತ್ತವೆ.

ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನಿಮಗೆ ಪ್ರಶ್ನೆಗಳು ಏಳುತ್ತವೆಯಾ? ನೀರನ್ನು ಯಾರು ಯೋಜಿಸುತ್ತಾರೆ, ಯಾರಿಗಾಗಿ, ಯಾರ ದುಡ್ಡಿನಲ್ಲಿ ಅಂತ ತಿಳಿಯುವ ಆಸೆ ಹುಟ್ಟುತ್ತದೆಯಾ? ಹಾಗಿದ್ದರೆ ಈ ಕ್ಷೇತ್ರ ನಿಮ್ಮದು. ಹೆಸರು ಪ್ರವಾಸೋದ್ಯಮ ಯೋಜನೆ ಅಂತ ಇದ್ದರೂ ದಿನವಿಡೀ ಓದುವುದು, ಎಣಿಸುವುದು, ಕೇಳುವುದು ನೀರು, ಜಮೀನು, ಕಸ, ವಿಮಾನ, ಕೂಲಿ, ಚಂಡಮಾರುತ, ಸಾಲ ಇವುಗಳ ಬಗ್ಗೆ. ಕಡಲತೀರದ ಫೋಟೋಗಳಿಗೆ ಇಲ್ಲಿ ಜಾಗ ಕಡಿಮೆ.

ಮಾಸ್ಟರ್ಸ್‌ನಿಂದ ಹಿಡಿದು ಅಧ್ಯಾಪಕ ಕೆಲಸದವರೆಗಿನ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹತ್ತು ದ್ವೀಪಗಳ ಬಗ್ಗೆ ಸ್ವಲ್ಪ ಸ್ವಲ್ಪ ತಿಳಿದವರಿಗಿಂತ ಒಂದೇ ದ್ವೀಪಕ್ಕೆ ಹತ್ತು ಸಲ ಹೋಗಿ ಬಂದವರು ಇಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ. ಕೆಳಗಿನ ಎಲ್ಲ ಸಲಹೆಯ ಹಿಂದೆಯೂ ಈ ನಂಬಿಕೆ ಇದೆ.

ಹೆಜ್ಜೆ 1: ಯಾವ ದ್ವೀಪಗಳು, ಯಾವ ಪ್ರಶ್ನೆ

ವಿಶ್ವಸಂಸ್ಥೆಯ ಪಟ್ಟಿಯಲ್ಲಿ ‘ಪುಟ್ಟ ದ್ವೀಪ ಅಭಿವೃದ್ಧಿಶೀಲ ದೇಶಗಳು’ ಎಂಬ ಗುಂಪಿದೆ. ಅದರಲ್ಲಿ 39 ದೇಶಗಳಿವೆ. 1992ರ ರಿಯೊ ಶೃಂಗಸಭೆಯಲ್ಲಿ ಈ ಗುಂಪಿಗೆ ಪ್ರತ್ಯೇಕ ಮನ್ನಣೆ ಸಿಕ್ಕಿತು. ಆಮೇಲೆ 1994ರಲ್ಲಿ ಬಾರ್ಬಡೋಸ್, 2005ರಲ್ಲಿ ಮಾರಿಷಸ್, 2014ರಲ್ಲಿ ಸಮೋವಾ, 2024ರಲ್ಲಿ ಆಂಟಿಗುವಾ ಮತ್ತು ಬಾರ್ಬುಡಾ ಹೀಗೆ ಸುಮಾರು ಹತ್ತು ವರ್ಷಕ್ಕೊಂದು ದೊಡ್ಡ ಸಮ್ಮೇಳನ ನಡೆದಿದೆ. ಪ್ರತಿ ಸಲವೂ ಒಂದು ಕಾರ್ಯಕ್ರಮದ ದಾಖಲೆ ಹೊರಬಂದಿದೆ. ನಾಲ್ಕನ್ನೂ ಓದಿ. ಪ್ರವಾಸೋದ್ಯಮದ ಬಗ್ಗೆ ಯಾವ ಮಾತು ಸೇರಿತು, ಯಾವುದು ಬಿಟ್ಟುಹೋಯಿತು ಅಂತ ಒಂದು ಕೋಷ್ಟಕ ಮಾಡಿಕೊಳ್ಳಿ. ಒಂದು ವಾರದ ಕೆಲಸ ಅಷ್ಟೇ, ಮುಂದೆ ಹತ್ತು ವರ್ಷ ಉಪಯೋಗಕ್ಕೆ ಬರುತ್ತದೆ.

ಗಮನಿಸಿ: ಈ ಪಟ್ಟಿಯಲ್ಲಿರುವ ಎಲ್ಲವೂ ದ್ವೀಪಗಳಲ್ಲ. ಗಯಾನಾ, ಸುರಿನಾಮ್, ಬೆಲೀಜ್, ಗಿನಿ ಬಿಸಾವ್ ಭೂಖಂಡಕ್ಕೆ ಅಂಟಿಕೊಂಡ ದೇಶಗಳೇ. ಎಲ್ಲವೂ ಪುಟ್ಟದೂ ಅಲ್ಲ, ಪಪುವಾ ನ್ಯೂಗಿನಿಯೂ ಇದರಲ್ಲಿದೆ. ಹಾಗಾಗಿ ‘ದ್ವೀಪ ದೇಶಗಳಲ್ಲಿ ಪ್ರವಾಸೋದ್ಯಮದ ಪರಿಣಾಮ’ ಅಂತ ವಿಷಯ ಇಟ್ಟುಕೊಂಡರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಯಾವ ಒಳ್ಳೆಯ ಗೈಡ್ ಕೂಡ ಒಪ್ಪುವುದಿಲ್ಲ. ಪ್ರಶ್ನೆ ಕಿರಿದಾಗಬೇಕು, ಊರಿನ ಮಟ್ಟಕ್ಕೆ ಇಳಿಯಬೇಕು.

ಮಾಲ್ಡೀವ್ಸ್ ನೋಡಿ. 1972ರಲ್ಲಿ ಮೊದಲ ರೆಸಾರ್ಟ್ ಶುರುವಾಯಿತು. ಮುಂದೆ ಬಹಳ ಕಾಲ ‘ಒಂದು ದ್ವೀಪ, ಒಂದು ರೆಸಾರ್ಟ್’ ಎನ್ನುವ ಪದ್ಧತಿ ನಡೆಯಿತು. ಪ್ರವಾಸಿಗರು ಒಂದು ಕಡೆ, ಜನರು ಇನ್ನೊಂದು ಕಡೆ. 2010ರ ಆಸುಪಾಸಿನಲ್ಲಿ ಜನ ವಾಸಿಸುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್‌ಗೆ ಅವಕಾಶ ಸಿಕ್ಕಿತು. ಮಾಫುಶಿಯಂಥ ದ್ವೀಪದ ಬೀದಿಗಳೇ ಬದಲಾದವು. ‘ಗೆಸ್ಟ್‌ಹೌಸ್ ಬಂದ ದ್ವೀಪದಲ್ಲಿ ಮನೆ ಬಾಡಿಗೆ, ಕಸ, ಹೆಂಗಸರ ಕೆಲಸ ಹೇಗೆ ಬದಲಾಯಿತು’ ಎನ್ನುವುದು ಪಿಎಚ್‌ಡಿಗೆ ತಕ್ಕ ಪ್ರಶ್ನೆ. ‘ಮಾಲ್ಡೀವ್ಸ್‌ನ ಸುಸ್ಥಿರ ಪ್ರವಾಸೋದ್ಯಮ’ ಅಂದರೆ ಪ್ರಶ್ನೆಯೇ ಅಲ್ಲ, ಅದು ಶೀರ್ಷಿಕೆ ಮಾತ್ರ.

ಹೆಜ್ಜೆ 2: ಬುನಾದಿ ಓದು

ಕೆಲವು ವಿಚಾರಗಳನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳಲು ಬರಬೇಕು. ರಿಚರ್ಡ್ ಬಟ್ಲರ್ 1980ರಲ್ಲಿ ಪ್ರವಾಸಿ ತಾಣದ ಜೀವನಚಕ್ರವನ್ನು ವಿವರಿಸಿದರು. ಕೆಲವೇ ಅಲೆಮಾರಿಗಳು ಬರುವ ಹಂತದಿಂದ ಶುರುವಾಗಿ, ಊರಿನವರು ತೊಡಗಿಕೊಳ್ಳುವುದು, ಬೆಳವಣಿಗೆ, ಗಟ್ಟಿಯಾಗುವುದು, ನಿಂತುಹೋಗುವುದು, ಆಮೇಲೆ ಇಳಿತ ಅಥವಾ ಹೊಸ ಹುಟ್ಟು. ಡಾಕ್ಸಿ 1975ರಲ್ಲಿ ಸ್ಥಳೀಯರ ಮನಸ್ಸು ಸಂತೋಷದಿಂದ ಸಿಟ್ಟಿನವರೆಗೆ ಹೇಗೆ ಸಾಗುತ್ತದೆ ಎಂದು ಹೇಳಿದರು. ಬರ್ಟ್ರಮ್ ಮತ್ತು ವಾಟರ್ಸ್ 1985ರಲ್ಲಿ ಪೆಸಿಫಿಕ್‌ನ ಪುಟ್ಟ ದೇಶಗಳು ವಲಸೆ, ಮನೆಗೆ ಬರುವ ಹಣ, ವಿದೇಶಿ ನೆರವು, ಸರ್ಕಾರಿ ನೌಕರಿ ಈ ನಾಲ್ಕು ಕಂಬಗಳ ಮೇಲೆ ನಿಂತಿವೆ ಎಂದು ತೋರಿಸಿದರು. ಅದಕ್ಕೆ ‘ಮಿರಾಬ್’ ಮಾದರಿ ಎಂದು ಹೆಸರು. ಪ್ರವಾಸೋದ್ಯಮವೇ ಆಧಾರವಾದ ದ್ವೀಪಗಳು ಇದಕ್ಕಿಂತ ಹೇಗೆ ಬೇರೆ ಎನ್ನುವ ಚರ್ಚೆ ಅಲ್ಲಿಂದ ಬೆಳೆಯಿತು.

ಇವನ್ನೆಲ್ಲ ಓದಿದ ಮೇಲೆ ಟೋಂಗಾ ಮೂಲದ ಚಿಂತಕ ಎಪೆಲಿ ಹೌಓಫಾ ಅವರನ್ನು ಓದಲೇಬೇಕು. ಫಿಜಿಯಲ್ಲಿ ಪಾಠ ಮಾಡುತ್ತಿದ್ದ ಅವರು 1993ರಲ್ಲಿ ಒಂದು ಮಾತು ಹೇಳಿದರು: ನಮ್ಮನ್ನು ದೂರದ ಕಡಲಿನ ಚುಕ್ಕೆಗಳೆಂದು ನೋಡಬೇಡಿ, ಕಡಲೂ ನಮ್ಮ ಮನೆಯೇ. ಪೆಸಿಫಿಕ್‌ನ ಕಿರಿಬಾಟಿ ದೇಶದ ನೆಲ ಸುಮಾರು 811 ಚದರ ಕಿ.ಮೀ. ಮಾತ್ರ. ಅದರ ಹಕ್ಕಿನ ಸಮುದ್ರ ಸುಮಾರು 35 ಲಕ್ಷ ಚದರ ಕಿ.ಮೀ. ಈಗ ಹೇಳಿ, ಅದು ಪುಟ್ಟ ದೇಶವಾ? ‘ಪುಟ್ಟದು, ದೂರದ್ದು, ಬಡದು’ ಎಂಬ ಮೂರು ಪದಗಳನ್ನು ಯೋಚನೆ ಮಾಡದೆ ಬಳಸಿದರೆ ದ್ವೀಪದ ಓದುಗರು ನಿಮ್ಮ ಪೇಪರನ್ನು ಅಲ್ಲಿಗೇ ಮುಚ್ಚಿಡುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ.

ಕೈಕೆಲಸದ ಕೌಶಲಗಳಲ್ಲಿ ಮೂರು ಸಾಕು, ಆದರೆ ಚೆನ್ನಾಗಿ ಬರಬೇಕು. ಒಂದು, ನಕ್ಷೆ. ಕ್ಯೂಜಿಐಎಸ್ ಉಚಿತ ಸಾಫ್ಟ್‌ವೇರ್, ಕರಾವಳಿಯ ಕಟ್ಟಡಗಳನ್ನು ವರ್ಷದಿಂದ ವರ್ಷಕ್ಕೆ ಗುರುತಿಸಲು ಸಾಕು. ಎರಡು, ಲೆಕ್ಕ. ಅಂಕಿಅಂಶಕ್ಕೆ ‘ಆರ್’ ಎಂಬ ಸಾಫ್ಟ್‌ವೇರ್ ಕಲಿಯಿರಿ. ಹಣ ಊರೊಳಗೆ ಹೇಗೆ ಸುತ್ತುತ್ತದೆ ಎಂದು ತೋರಿಸುವ ಒಳಹರಿವು-ಹೊರಹರಿವು ಕೋಷ್ಟಕ ಓದುವುದನ್ನೂ ಕಲಿಯಿರಿ. ಮೂರು, ಜಮೀನಿನ ಕಾನೂನು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಪೆಸಿಫಿಕ್‌ನ ವನುವಾಟು ದೇಶದ ಸಂವಿಧಾನದ ಪ್ರಕಾರ ದೇಶದ ನೆಲವೆಲ್ಲ ಸಂಪ್ರದಾಯದ ಒಡೆಯರಾದ ಸ್ಥಳೀಯರಿಗೆ ಸೇರಿದ್ದು. ಫಿಜಿಯಲ್ಲಿ ಬಹುಪಾಲು ನೆಲ ಅಲ್ಲಿನ ಮೂಲನಿವಾಸಿಗಳಾದ ಇಟೌಕೆಯಿ ಸಮುದಾಯದ್ದು, ಹೋಟೆಲ್‌ನವರು ಭೋಗ್ಯಕ್ಕೆ ಪಡೆಯುತ್ತಾರೆ. ಮಾಲ್ಡೀವ್ಸ್‌ನಲ್ಲಿ ಸರ್ಕಾರವೇ ದ್ವೀಪಗಳನ್ನು ಗುತ್ತಿಗೆ ಕೊಡುತ್ತದೆ. ನೆಲ ಯಾರದ್ದು ಅಂತ ಗೊತ್ತಿಲ್ಲದೆ ಯೋಜನೆ ಬರೆದರೆ ಅದು ಸುಮ್ನೆ ಬಣ್ಣದ ನಕ್ಷೆ ಆಗುತ್ತದೆ.

ಹೆಜ್ಜೆ 3: ಅಂಕಿಗಳನ್ನು ನಂಬುವ ಮುನ್ನ

ಇದಕ್ಕೆ ಒಂದು ಪ್ರತ್ಯೇಕ ಹೆಜ್ಜೆಯನ್ನೇ ಕೊಡುತ್ತೇನೆ. ಯಾಕೆಂದರೆ ಪುಟ್ಟ ದೇಶಗಳ ಅಂಕಿಗಳು ನೋಡಲು ಸರಳ, ಬಳಸಲು ಕಷ್ಟ.

ಪೆಸಿಫಿಕ್‌ನ ಪಲಾವು ದೇಶದ ಜನಸಂಖ್ಯೆ ಸುಮಾರು 18,000. 2015ರಲ್ಲಿ ಅಲ್ಲಿಗೆ 1,60,000ಕ್ಕಿಂತ ಜಾಸ್ತಿ ಪ್ರವಾಸಿಗರು ಬಂದರು. ಪತ್ರಿಕೆಯವರು ಬರೆಯುವುದು ‘ಒಬ್ಬ ನಾಗರಿಕನಿಗೆ ಒಂಬತ್ತು ಪ್ರವಾಸಿಗರು’ ಅಂತ. ನಾವು ಅಲ್ಲಿಗೇ ನಿಲ್ಲಬಾರದು. ಪ್ರತಿಯೊಬ್ಬರೂ ಸರಾಸರಿ ಐದು ದಿನ ಉಳಿದರು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. 1,60,000ವನ್ನು 5ರಿಂದ ಗುಣಿಸಿದರೆ 8 ಲಕ್ಷ ಪ್ರವಾಸಿ-ದಿನಗಳು. 18,000ವನ್ನು 365ರಿಂದ ಗುಣಿಸಿದರೆ 65,70,000 ನಾಗರಿಕ-ದಿನಗಳು. ಭಾಗಿಸಿದರೆ, ಯಾವುದೇ ಒಂದು ದಿನ ಪ್ರತಿ ಸಾವಿರ ನಾಗರಿಕರಿಗೆ ಸುಮಾರು 122 ಪ್ರವಾಸಿಗರು. ಅಂದರೆ ಎಂಟು ಜನರಿಗೆ ಒಬ್ಬರು. ‘ಒಂಬತ್ತು ಪಟ್ಟು’ ಎಂಬ ಮಾತಿಗೂ ‘ಎಂಟರಲ್ಲಿ ಒಂದು’ ಎಂಬ ಮಾತಿಗೂ ಎಷ್ಟು ಅಂತರ ಅಲ್ವಾ? ನೀರಿನ ಪೈಪು, ಚರಂಡಿ, ಆಸ್ಪತ್ರೆ ಯೋಜಿಸುವವರಿಗೆ ಬೇಕಾದದ್ದು ಎರಡನೆಯ ಅಂಕಿ. ಅದೂ ವರ್ಷದ ಸರಾಸರಿಯಲ್ಲ, ಅತಿ ಜಾಸ್ತಿ ಜನ ಬರುವ ವಾರದ್ದು. ಮ್ಯಾಕೆಲ್‌ರಾಯ್ ಮತ್ತು ಡಿ ಆಲ್ಬುಕರ್ಕ್ 1998ರಲ್ಲಿ ಮಂಡಿಸಿದ ಪ್ರವಾಸೋದ್ಯಮ ವ್ಯಾಪ್ತಿ ಸೂಚ್ಯಂಕ ಇಂಥ ದಿನದ ಸಾಂದ್ರತೆಯ ಜೊತೆಗೆ ಇನ್ನೆರಡನ್ನು ಸೇರಿಸುತ್ತದೆ: ತಲಾ ಪ್ರವಾಸಿ ವೆಚ್ಚ, ಒಂದು ಚದರ ಕಿ.ಮೀ.ಗೆ ಎಷ್ಟು ಹೋಟೆಲ್ ಕೋಣೆಗಳು ಎನ್ನುವುದು. ಒಂದು ದೇಶಕ್ಕೆ ಇದನ್ನು ನೀವೇ ಕೈಯಾರೆ ಲೆಕ್ಕ ಹಾಕಿ ನೋಡಿ.

ಇನ್ನೊಂದು ಗುಂಡಿ. ವಿಶ್ವಸಂಸ್ಥೆಯ 2008ರ ನಿಯಮಗಳ ಪ್ರಕಾರ ಒಂದು ರಾತ್ರಿಯಾದರೂ ಉಳಿದವರು ಮಾತ್ರ ‘ಪ್ರವಾಸಿ’. ಬೆಳಿಗ್ಗೆ ಕ್ರೂಸ್ ಹಡಗಿನಿಂದ ಇಳಿದು ಸಂಜೆ ಹತ್ತುವವರು ‘ಅದೇ ದಿನದ ಭೇಟಿಗಾರರು’. ಕೆರಿಬಿಯನ್ ದೇಶಗಳಲ್ಲಿ ಈ ಎರಡನ್ನು ಕೂಡಿಸಿಬಿಟ್ಟರೆ ಇಡೀ ಥೀಸಿಸ್ ಅಡ್ಡದಾರಿ ಹಿಡಿಯುತ್ತದೆ.

ಕಾರಣ ಹೇಳುವಾಗಲೂ ಅವಸರ ಬೇಡ. ಪಲಾವುವಿನ ಪ್ರಸಿದ್ಧ ಜೆಲ್ಲಿಮೀನಿನ ಸರೋವರದಲ್ಲಿ 2016ರಲ್ಲಿ ಜೆಲ್ಲಿಮೀನುಗಳು ಬಹುಪಾಲು ಕಾಣೆಯಾದವು. ಅಷ್ಟು ಪ್ರವಾಸಿಗರು ಬಂದ ಮರುವರ್ಷವೇ ಹೀಗಾದ್ದರಿಂದ ಅವರ ಮೇಲೆ ಬೆರಳು ತೋರಿಸುವುದು ಸುಲಭವಿತ್ತು. ಆದರೆ ಮುಖ್ಯ ಕಾರಣ ಎಲ್ ನಿನೊ ತಂದ ಬರ ಎಂದು ಅಲ್ಲಿ ವರ್ಷಗಟ್ಟಲೆ ನೀರು ಅಳೆದಿದ್ದ ಸಂಶೋಧಕರು ಹೇಳಿದರು. ಮಳೆ ಇಲ್ಲದೆ ಸರೋವರದ ಉಪ್ಪು ಏರಿತ್ತು. ಹಳೆಯ ಅಳತೆ ಕೈಯಲ್ಲಿದ್ದವರಿಗೆ ಮಾತ್ರ ಆ ಮಾತು ಹೇಳಲು ಸಾಧ್ಯವಾಯಿತು.

ಹೆಜ್ಜೆ 4: ಮಾಸ್ಟರ್ಸ್ ಎಲ್ಲಿ

ಎರಡು ಬಗೆಯ ಜಾಗಗಳಿವೆ. ಮೊದಲನೆಯದು ಪ್ರವಾಸೋದ್ಯಮ ವಿಭಾಗ ಬಲವಾಗಿರುವ ವಿಶ್ವವಿದ್ಯಾಲಯಗಳು. ಬ್ರಿಟನ್ನಿನ ಸರ‍್ರಿ, ಆಸ್ಟ್ರೇಲಿಯಾದ ಗ್ರಿಫಿತ್ ಮತ್ತು ಕ್ವೀನ್ಸ್‌ಲ್ಯಾಂಡ್, ನ್ಯೂಜಿಲೆಂಡಿನ ಒಟಾಗೊ, ಹಾಂಗ್‌ಕಾಂಗ್ ಪಾಲಿಟೆಕ್ನಿಕ್. ಎರಡನೆಯದು ದ್ವೀಪಗಳನ್ನೇ ಓದುವ ಜಾಗಗಳು. ಕೆನಡಾದ ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ದ್ವೀಪ ಅಧ್ಯಯನದ ಮಾಸ್ಟರ್ಸ್ ಇದೆ. ಮಾಲ್ಟಾ ವಿಶ್ವವಿದ್ಯಾಲಯದಲ್ಲಿ ದ್ವೀಪಗಳು ಮತ್ತು ಪುಟ್ಟ ದೇಶಗಳ ಸಂಸ್ಥೆಯೇ ಇದೆ. ಇವುಗಳ ಜೊತೆಗೆ ದ್ವೀಪಗಳವರದೇ ವಿಶ್ವವಿದ್ಯಾಲಯಗಳು: 1968ರಲ್ಲಿ ಶುರುವಾದ, 12 ಪೆಸಿಫಿಕ್ ದೇಶಗಳು ಸೇರಿ ನಡೆಸುವ ಯುನಿವರ್ಸಿಟಿ ಆಫ್ ದ ಸೌತ್ ಪೆಸಿಫಿಕ್, 1948ರಲ್ಲಿ ಜಮೈಕಾದ ಮೋನಾದಲ್ಲಿ ಹುಟ್ಟಿದ ಯುನಿವರ್ಸಿಟಿ ಆಫ್ ದ ವೆಸ್ಟ್ ಇಂಡೀಸ್.

ನನ್ನ ಅಭಿಪ್ರಾಯ ಕೇಳಿದರೆ, ಮಾಸ್ಟರ್ಸ್ ಅಥವಾ ಪಿಎಚ್‌ಡಿ ಎರಡರಲ್ಲಿ ಒಂದಾದರೂ ದ್ವೀಪದ ವಿಶ್ವವಿದ್ಯಾಲಯದ ನಂಟಿನಲ್ಲಿ ಆಗಲಿ. ಅಲ್ಲಿ ನಿಮ್ಮ ಪಕ್ಕದ ಬೆಂಚಿನಲ್ಲಿ ಕೂತವರು ಮುಂದೆ ಪ್ರವಾಸೋದ್ಯಮ ಇಲಾಖೆಯ ನಿರ್ದೇಶಕರಾಗುತ್ತಾರೆ. ದೂರದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಆ ಪರಿಚಯ ಸಿಗುವುದಿಲ್ಲ.

ಖರ್ಚಿನ ವಿಷಯ. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್, ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ಸ್‌ಗೆ ಚೀವ್‌ನಿಂಗ್, ಹಲವು ದೇಶಗಳಲ್ಲಿ ಓದಿಸುವ ಎರಾಸ್ಮಸ್ ಮುಂಡಸ್ ಇವುಗಳನ್ನು ಮೊದಲು ನೋಡಿ. ಚೀವ್‌ನಿಂಗ್ ಕೆಲಸದ ಅನುಭವ ಕೇಳುತ್ತದೆ, ಓದು ಮುಗಿಸಿ ನಿಮ್ಮ ದೇಶಕ್ಕೆ ಮರಳಬೇಕೆಂಬ ಷರತ್ತೂ ಇದೆ. ಅರ್ಜಿಗೂ ಕೋರ್ಸ್ ಶುರುವಾಗುವುದಕ್ಕೂ ನಡುವೆ ಸಾಮಾನ್ಯವಾಗಿ ಒಂದು ವರ್ಷದಷ್ಟು ಅಂತರ ಇರುತ್ತದೆ, ಮೊದಲೇ ಲೆಕ್ಕ ಹಾಕಿಕೊಳ್ಳಿ.

ಹೆಜ್ಜೆ 5: ಪಿಎಚ್‌ಡಿ ಮತ್ತು ಗೈಡ್

ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಮುಖ್ಯ. ಕಳೆದ ಐದು ವರ್ಷದಲ್ಲಿ ಅವರು ಯಾವ ದ್ವೀಪದ ಬಗ್ಗೆ ಬರೆದಿದ್ದಾರೆ, ಯಾರ ಜೊತೆ ಬರೆದಿದ್ದಾರೆ ನೋಡಿ. ದ್ವೀಪದ ಸಂಶೋಧಕರ ಹೆಸರು ಅವರ ಪೇಪರುಗಳಲ್ಲಿ ಇದೆಯಾ? ಇದ್ದರೆ ಅಲ್ಲಿ ಅವರಿಗೆ ನಂಬಿಕೆ ಗಳಿಸಿಕೊಂಡ ಸಂಪರ್ಕಗಳಿವೆ ಎಂದರ್ಥ. ಆ ಸಂಪರ್ಕ ನಿಮ್ಮ ಒಂದು ವರ್ಷವನ್ನು ಉಳಿಸುತ್ತದೆ.

ಮೊದಲ ಇಮೇಲ್ ಹೇಗಿರಬೇಕು? ‘ನನಗೆ ಪ್ರವಾಸೋದ್ಯಮದಲ್ಲಿ ಅಪಾರ ಆಸಕ್ತಿ ಇದೆ, ನಿಮ್ಮ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಬೇಕೆಂಬ ಆಸೆ’ ಎನ್ನುವ ಪತ್ರಗಳು ಅವರಿಗೆ ವಾರಕ್ಕೆ ಹತ್ತಾರು ಬರುತ್ತವೆ. ಬದಲಿಗೆ ಹೀಗೆ ಬರೆಯಿರಿ:

‘ಮಾಲ್ಡೀವ್ಸ್ 2015ರಿಂದ ಪ್ರವಾಸಿಗರ ಮೇಲೆ ಹಸಿರು ತೆರಿಗೆ ಹಾಕುತ್ತಿದೆ. ಶುರುವಿನಲ್ಲಿ ರೆಸಾರ್ಟ್ ಅತಿಥಿಗೆ ದಿನಕ್ಕೆ 6 ಡಾಲರ್ ಇತ್ತು, 2025ರಿಂದ 12 ಡಾಲರ್ ಆಗಿದೆ. ಈ ಹಣದಿಂದ ದ್ವೀಪಗಳ ಕಸ ಮತ್ತು ಚರಂಡಿ ವ್ಯವಸ್ಥೆಗೆ ಎಷ್ಟು ತಲುಪಿದೆ ಎಂದು ಬಜೆಟ್ ದಾಖಲೆಗಳಿಂದ ಪತ್ತೆ ಹಚ್ಚುವ ಯೋಚನೆ ಇದೆ. ಮಾಸ್ಟರ್ಸ್‌ನಲ್ಲಿ ಮಾಡಿದ ಚಿಕ್ಕ ಪ್ರಯತ್ನವನ್ನು ಎರಡು ಪುಟದಲ್ಲಿ ಲಗತ್ತಿಸಿದ್ದೇನೆ. ನಿಮ್ಮ ಪೇಪರಿನ ಎರಡನೇ ಭಾಗದ ವಿಧಾನ ಇಲ್ಲಿಗೆ ಹೊಂದುತ್ತದೆಯೇ ಎಂದು ತಿಳಿಯಬೇಕಿತ್ತು.’

ಪ್ರಶ್ನೆ, ದಾಖಲೆ, ನೀವು ಆಗಲೇ ಮಾಡಿದ ಕೆಲಸ, ಅವರಿಗೊಂದು ಕೇಳಿಕೆ. ನಾಲ್ಕೂ ಬಂತು. ಉತ್ತರ ಬರದಿದ್ದರೆ ಮೂರು ವಾರ ಬಿಟ್ಟು ಒಮ್ಮೆ ನೆನಪಿಸಿ, ಆಮೇಲೆ ಬೇರೆಯವರಿಗೆ ಬರೆಯಿರಿ.

ಹಣಕಾಸಿನಲ್ಲಿ ದೇಶದಿಂದ ದೇಶಕ್ಕೆ ಪದ್ಧತಿ ಬೇರೆ. ನೆದರ್ಲೆಂಡ್ಸ್ ಮತ್ತು ನಾರ್ಡಿಕ್ ದೇಶಗಳಲ್ಲಿ ಪಿಎಚ್‌ಡಿ ಸಾಮಾನ್ಯವಾಗಿ ಸಂಬಳದ ಕೆಲಸ. ನ್ಯೂಜಿಲೆಂಡಿನಲ್ಲಿ ವಿದೇಶಿ ಪಿಎಚ್‌ಡಿ ವಿದ್ಯಾರ್ಥಿಗಳಿಗೂ ಸ್ಥಳೀಯರ ಶುಲ್ಕವೇ. ಎಲ್ಲೇ ಸೇರಿದರೂ ‘ಕ್ಷೇತ್ರಕಾರ್ಯಕ್ಕೆ ಪ್ರತ್ಯೇಕ ಹಣ ಇದೆಯಾ’ ಎಂದು ಸೇರುವ ಮೊದಲೇ ಕೇಳಿ. ದೇಶದ ಒಳಗಿನ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಖರ್ಚು ಕೆಲವು ಕಡೆ ದೇಶಕ್ಕೆ ಬರುವ ಖರ್ಚಿಗೆ ಸಮನಾಗಿಬಿಡುತ್ತದೆ.

ಹೆಜ್ಜೆ 6: ದ್ವೀಪದಲ್ಲಿ ಕೆಲಸ

ಮೊದಲು ಅನುಮತಿ. ಹಲವು ದ್ವೀಪ ದೇಶಗಳಲ್ಲಿ ಪ್ರವಾಸಿ ವೀಸಾದ ಮೇಲೆ ಸಂಶೋಧನೆ ಮಾಡುವಂತಿಲ್ಲ. ವನುವಾಟುವಿನಲ್ಲಿ ಅಲ್ಲಿನ ಸಾಂಸ್ಕೃತಿಕ ಕೇಂದ್ರದಿಂದ ಸಂಶೋಧನಾ ಪರವಾನಗಿ ಬೇಕು. ಫಿಜಿಯ ಹಳ್ಳಿಗೆ ಹೋದರೆ ಯಾಂಗೋನ (ಕಾವಾ ಪಾನೀಯ ಮಾಡುವ ಗಿಡ) ಬೇರನ್ನು ಕೈಯಲ್ಲಿ ಹಿಡಿದು ಹಿರಿಯರ ಮುಂದೆ ಕೂತು ‘ಸೆವುಸೆವು’ ಎಂಬ ಕ್ರಮ ಮುಗಿಸಿದ ಮೇಲೆಯೇ ಪ್ರಶ್ನೆಗಳು. ಅದನ್ನು ಔಪಚಾರಿಕತೆ ಅಂತ ಬೇಗ ಬೇಗ ಮುಗಿಸಬೇಡಿ. ಊರು ನಿಮ್ಮನ್ನು ಅಳೆಯುವುದು ಆ ಹೊತ್ತಿನಲ್ಲೇ. ಪೆಸಿಫಿಕ್‌ನಲ್ಲಿ ‘ತಲನೋವಾ’ ಎಂಬ ಮಾತುಕತೆಯ ಪದ್ಧತಿಯನ್ನೇ ಸಂಶೋಧನಾ ವಿಧಾನವಾಗಿ ಬೆಳೆಸಿದ್ದಾರೆ. ಪ್ರಶ್ನಾವಳಿ ಹಿಡಿದು ಒಂದರ ಹಿಂದೆ ಒಂದು ಕೇಳುವುದಕ್ಕಿಂತ ಅಲ್ಲಿ ಅದು ಜಾಸ್ತಿ ಹೇಳಿಸುತ್ತದೆ.

ಭಾಷೆ ಕಲಿಯಿರಿ. ವನುವಾಟುವಿಗೆ ಬಿಸ್ಲಾಮ, ಮಾಲ್ಡೀವ್ಸ್‌ಗೆ ದಿವೇಹಿ, ಸೀಶೆಲ್ಸ್‌ಗೆ ಮತ್ತು ಮಾರಿಷಸ್‌ಗೆ ಅಲ್ಲಲ್ಲಿಯ ಕ್ರಿಯೋಲ್. ಇಂಗ್ಲಿಷಿನಲ್ಲಿ ಮಾತಾಡುವವರು ಹೆಚ್ಚಾಗಿ ಮ್ಯಾನೇಜರುಗಳು. ಕೋಣೆ ಗುಡಿಸುವವರ, ದೋಣಿ ನಡೆಸುವವರ ಮಾತು ಕೇಳಬೇಕಾದರೆ ಅವರ ನುಡಿ ಬೇಕು.

ಕಾಲ ನೋಡಿ ಹೊರಡಿ. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್ ಚಂಡಮಾರುತದ ಕಾಲ. ಅಟ್ಲಾಂಟಿಕ್‌ನಲ್ಲಿ ಜೂನ್‌ನಿಂದ ನವೆಂಬರ್. ಹಾಗಂತ ಒಳ್ಳೆಯ ಹವೆಯಲ್ಲಿ ಮಾತ್ರ ಹೋದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಪ್ರವಾಸಿಗರಿಲ್ಲದ ತಿಂಗಳಲ್ಲಿ ಜನ ಹೇಗೆ ಬದುಕುತ್ತಾರೆ ಎನ್ನುವುದನ್ನೂ ನೋಡಬೇಕು. ಎರಡು ಕಾಲದಲ್ಲೂ ಹೋಗುವ ಹಾಗೆ ಯೋಜಿಸಿ.

ಈಗ ಒಂದು ಅಭ್ಯಾಸ. ದ್ವೀಪಕ್ಕೆ ಹೋದ ಮೊದಲ ವಾರ ಸಂದರ್ಶನ ಬೇಡ. ಸಾಮಾನಿನ ದೋಣಿ ಬರುವ ದಿನ ಕೇಳಿಕೊಂಡು ಜೆಟ್ಟಿಯ ಮೇಲೆ ಕೂತುಕೊಳ್ಳಿ. ಇಳಿಯುವುದನ್ನೆಲ್ಲ ಬರೆದುಕೊಳ್ಳಿ. ಮೊಟ್ಟೆಯ ಟ್ರೇಗಳು, ಈರುಳ್ಳಿ ಮೂಟೆ, ಬಾಟಲಿ ನೀರು, ಟಿಶ್ಯೂ ಕಾಗದ, ಹೆಪ್ಪುಗಟ್ಟಿದ ಮೀನು. ಹೌದು, ಸುತ್ತ ಕಡಲಿದ್ದರೂ ಹೋಟೆಲಿಗೆ ಹೆಪ್ಪುಗಟ್ಟಿದ ಮೀನು ಹೊರಗಿನಿಂದ ಬರುವ ಜಾಗಗಳಿವೆ. ಪ್ರತಿ ಪೆಟ್ಟಿಗೆಯ ಮೇಲಿನ ಊರಿನ ಹೆಸರು ನೋಡಿ. ಯಾವುದು ಹೋಟೆಲಿಗೆ, ಯಾವುದು ಅಂಗಡಿಗೆ ಅಂತ ಹೊರುವವರನ್ನು ಕೇಳಿ. ಆಮೇಲೆ ವಾಪಸ್ ಹೋಗುವ ದೋಣಿಯಲ್ಲಿ ಏನು ತುಂಬುತ್ತಾರೆ ನೋಡಿ. ಖಾಲಿ ಗ್ಯಾಸ್ ಸಿಲಿಂಡರ್ ಬಿಟ್ಟರೆ ಏನೂ ಇಲ್ಲದಿದ್ದರೆ, ಬಂದ ಪ್ಲಾಸ್ಟಿಕ್ ಎಲ್ಲ ದ್ವೀಪದಲ್ಲೇ ಉಳಿಯಿತು ಎಂದರ್ಥ. ಪ್ರವಾಸಿಯ ದುಡ್ಡು ಊರಿನಿಂದ ಹೊರಗೆ ಸೋರಿಹೋಗುವುದರ ಬಗ್ಗೆ ಪುಸ್ತಕದಲ್ಲಿ ಪುಟಗಟ್ಟಲೆ ಓದಿರುತ್ತೀರಿ. ಅದನ್ನು ಕಣ್ಣಾರೆ ನೋಡುವುದು ಜೆಟ್ಟಿಯ ಮೇಲೆ. ನಾಲ್ಕು ವಾರ ಹೀಗೆ ಬರೆದರೆ ಯಾವ ಇಲಾಖೆಯಲ್ಲೂ ಇಲ್ಲದ ಒಂದು ದಾಖಲೆ ನಿಮ್ಮ ಕೈಯಲ್ಲಿರುತ್ತದೆ.

ಸಮೀಕ್ಷೆಯ ಲೆಕ್ಕದಲ್ಲೂ ಪುಟ್ಟ ಜಾಗಕ್ಕೆ ಬೇರೆ ನಿಯಮ. ದೊಡ್ಡ ಜನಸಂಖ್ಯೆಯಲ್ಲಿ ಶೇ. 5ರ ದೋಷಮಿತಿಗೆ 384 ಜನರ ಮಾದರಿ ಸಾಕು ಅಂತ ಎಲ್ಲರೂ ಕಲಿತಿರುತ್ತಾರೆ. ದ್ವೀಪದಲ್ಲಿ ಇರುವುದೇ 60 ಗೆಸ್ಟ್‌ಹೌಸ್ ಆದರೆ? ಒಟ್ಟು ಸಂಖ್ಯೆ ಚಿಕ್ಕದಾದಾಗ ಬಳಸುವ ತಿದ್ದುಪಡಿ ಸೂತ್ರ ಹಾಕಿದರೆ 52 ಬರುತ್ತದೆ. ಅರವತ್ತರಲ್ಲಿ ಐವತ್ತೆರಡು ಕೇಳುವ ಬದಲು ಅರವತ್ತನ್ನೂ ಕೇಳಿಬಿಡಿ. ಸಿಗದವರು ಯಾಕೆ ಸಿಗಲಿಲ್ಲ ಎನ್ನುವುದನ್ನು ಥೀಸಿಸ್‌ನಲ್ಲಿ ಬರೆಯಿರಿ.

ಗೌಪ್ಯತೆಯ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಹೆಸರು ತೆಗೆದರೆ ಸಾಕು ಎಂಬ ರೂಢಿ ಇಲ್ಲಿ ನಡೆಯುವುದಿಲ್ಲ. ‘ದೊಡ್ಡ ಹೋಟೆಲೊಂದರ ಮಹಿಳಾ ಮ್ಯಾನೇಜರ್, 45 ವರ್ಷ’ ಅಂತ ಬರೆದರೆ ದ್ವೀಪದಲ್ಲಿ ಎಲ್ಲರಿಗೂ ಯಾರೆಂದು ಗೊತ್ತು. ಅಂಥವರು ಒಬ್ಬರೇ ಇರುತ್ತಾರೆ. ಅವರು ಇಲಾಖೆಯ ಬಗ್ಗೆ ಸಿಟ್ಟಿನಿಂದ ಹೇಳಿದ ಒಂದು ಮಾತು ಅವರ ಕೆಲಸಕ್ಕೇ ಕುತ್ತು ತರಬಹುದು. ವಯಸ್ಸು, ಹುದ್ದೆ, ದ್ವೀಪದ ಹೆಸರು ಈ ಮೂರನ್ನು ಒಟ್ಟಿಗೆ ಎಂದೂ ಬರೆಯಬೇಡಿ. ಹಲವರು ಹೇಳಿದ ಮಾತನ್ನು ಸೇರಿಸಿ ಹೇಳಿ. ಅಚ್ಚಿಗೆ ಹೋಗುವ ಮೊದಲು ಆ ಭಾಗವನ್ನು ಅವರಿಗೇ ಓದಲು ಕೊಡಿ. ಅವರು ಬೇಡ ಅಂದರೆ ತೆಗೆದುಬಿಡಿ, ಎಷ್ಟೇ ಚೆಂದದ ಮಾತಾಗಿದ್ದರೂ.

ಹೆಜ್ಜೆ 7: ಬರೆಯುವುದು, ಪ್ರಕಟಿಸುವುದು

ಆನಲ್ಸ್ ಆಫ್ ಟೂರಿಸಂ ರಿಸರ್ಚ್, ಟೂರಿಸಂ ಮ್ಯಾನೇಜ್‌ಮೆಂಟ್, ಜರ್ನಲ್ ಆಫ್ ಸಸ್ಟೈನಬಲ್ ಟೂರಿಸಂ ಇವು ಕೆಲಸದ ಆಯ್ಕೆ ಸಮಿತಿಗಳು ಗುರುತಿಸುವ ಹೆಸರುಗಳು. 2006ರಲ್ಲಿ ಶುರುವಾದ ಐಲ್ಯಾಂಡ್ ಸ್ಟಡೀಸ್ ಜರ್ನಲ್ ಎಲ್ಲರಿಗೂ ಉಚಿತವಾಗಿ ಓದಲು ಸಿಗುತ್ತದೆ, ಹಾಗಾಗಿ ದ್ವೀಪದ ಅಧಿಕಾರಿಗಳೂ ಓದುತ್ತಾರೆ. ಎರಡೂ ಕಡೆ ಬರೆಯಿರಿ. ಪಿಎಚ್‌ಡಿ ಮುಗಿಯುವಾಗ ಒಳ್ಳೆಯ ಪೇಪರು ಎರಡು ಕೈಯಲ್ಲಿದ್ದರೆ ಅರ್ಜಿಗೆ ಬಲ ಬರುತ್ತದೆ. ಅಂತರರಾಷ್ಟ್ರೀಯ ಪುಟ್ಟ ದ್ವೀಪ ಅಧ್ಯಯನ ಸಂಘದ ಸಮ್ಮೇಳನಗಳಿಗೆ ಒಮ್ಮೆಯಾದರೂ ಹೋಗಿ. ಸಣ್ಣ ಬಳಗ, ಹೊಸಬರನ್ನು ಕೂರಿಸಿಕೊಂಡು ಮಾತಾಡುತ್ತಾರೆ.

ವಿಷಯ ಹುಡುಕುತ್ತಿದ್ದರೆ ಒಂದು ಹೇಳುತ್ತೇನೆ. ಹಳೆಯ ಮಾಸ್ಟರ್ ಪ್ಲಾನ್‌ಗಳನ್ನು ತೆಗೆದು, ಹೇಳಿದ್ದಕ್ಕೂ ಆದದ್ದಕ್ಕೂ ಹೋಲಿಸಿ ನೋಡಿ. ಮಾಲ್ಡೀವ್ಸ್‌ನ ಮೊದಲ ಪ್ರವಾಸೋದ್ಯಮ ಮಾಸ್ಟರ್ ಪ್ಲಾನ್ 1983ರದ್ದು, ಐದನೆಯದು 2023ರದ್ದು. ನಲವತ್ತು ವರ್ಷಗಳ ಯೋಜನೆಗಳು ಸಾಲಾಗಿ ಇವೆ. ಯಾವ ಶಿಫಾರಸು ಪ್ರತಿ ಸಲ ಮರಳಿ ಬರುತ್ತಿದೆ ಎಂದು ಪಟ್ಟಿ ಮಾಡಿದರೂ ಒಂದು ಪೇಪರ್ ಆಗುತ್ತದೆ. ಮರಳಿ ಬರುತ್ತಿದೆ ಎಂದರೆ ಅದು ಜಾರಿಯಾಗಿಲ್ಲ ಅಂತ ತಾನೇ?

ದುರಂತದ ನಂತರದ ಯೋಜನೆಯೂ ಕೆಲಸ ಬೇಕಾಗಿರುವ ಜಾಗ. 2017ರ ಮರಿಯಾ ಚಂಡಮಾರುತದಿಂದ ಕೆರಿಬಿಯನ್ ದೇಶ ಡೊಮಿನಿಕಾಗೆ ಆದ ನಷ್ಟ ಅದರ ಹಿಂದಿನ ವರ್ಷದ ಜಿಡಿಪಿಯ ಶೇ. 226 ಎಂದು ಅಂದಾಜಿಸಲಾಯಿತು. ಎರಡು ವರ್ಷದ ದುಡಿಮೆಗಿಂತ ಜಾಸ್ತಿ ಒಂದೇ ರಾತ್ರಿಯಲ್ಲಿ ಹೋಯಿತು. ಮತ್ತೆ ಕಟ್ಟುವಾಗ ಮೊದಲು ಹೋಟೆಲಾ, ಮನೆಯಾ, ಶಾಲೆಯಾ? ಆ ನಿರ್ಧಾರ ಯಾರು ಹೇಗೆ ತೆಗೆದುಕೊಂಡರು ಎನ್ನುವುದನ್ನು ಶ್ರದ್ಧೆಯಿಂದ ದಾಖಲಿಸುವವರು ಬೇಕು.

ಪೇಪರಿನ ಜೊತೆ ಇನ್ನೊಂದನ್ನು ಬರೆಯಿರಿ. ಊರಿನ ಭಾಷೆಯಲ್ಲಿ ಎರಡು ಪುಟದ ವರದಿ. ನಿಮಗೆ ಉತ್ತರ ಕೊಟ್ಟ ಪ್ರತಿ ಮನೆಗೆ, ದ್ವೀಪ ಪಂಚಾಯಿತಿಗೆ, ಶಾಲೆಗೆ. ಮರುವರ್ಷ ಹೋದಾಗ ಬಾಗಿಲು ತೆರೆಯುವುದು ಆ ಎರಡು ಪುಟ.

ಹೆಜ್ಜೆ 8: ಕೆಲಸ ಹುಡುಕುವಾಗ

‘ಪುಟ್ಟ ದ್ವೀಪಗಳ ಪ್ರವಾಸೋದ್ಯಮ ಪ್ರಾಧ್ಯಾಪಕ’ ಎಂಬ ಜಾಹೀರಾತು ಬರುವುದು ಅಪರೂಪ. ಪ್ರವಾಸೋದ್ಯಮ, ಭೂಗೋಳ, ನಗರ ಯೋಜನೆ, ಪರಿಸರ ನೀತಿ, ಅಭಿವೃದ್ಧಿ ಅಧ್ಯಯನ ಈ ಐದು ವಿಭಾಗಗಳ ಜಾಹೀರಾತುಗಳನ್ನೂ ನೋಡುತ್ತಿರಿ. ಪ್ರತಿ ವಿಭಾಗಕ್ಕೂ ನಿಮ್ಮ ಅರ್ಜಿಯ ಮೊದಲ ಪುಟ ಬೇರೆಯಾಗಿರಲಿ. ಭೂಗೋಳದವರಿಗೆ ನಕ್ಷೆಯ ಕೆಲಸ ಮೊದಲು, ಪ್ರವಾಸೋದ್ಯಮದವರಿಗೆ ಪಾಠ ಮಾಡಬಲ್ಲ ವಿಷಯಗಳು ಮೊದಲು. ಹೋಟೆಲ್ ನಿರ್ವಹಣೆ, ಅಂಕಿಅಂಶ, ಸಂಶೋಧನಾ ವಿಧಾನ ಇಂಥ ಒಂದು ಸಾಮಾನ್ಯ ವಿಷಯವನ್ನು ಪಾಠ ಮಾಡಿದ ಅನುಭವ ಇದ್ದವರಿಗೆ ಬೇಗ ಕರೆ ಬರುತ್ತದೆ. ಹಾಗಾಗಿ ಪಿಎಚ್‌ಡಿ ಓದುವಾಗಲೇ ಒಂದು ಕೋರ್ಸ್ ಪಾಠ ಮಾಡಿಬಿಡಿ.

ದ್ವೀಪದ ವಿಶ್ವವಿದ್ಯಾಲಯದ ಕೆಲಸಕ್ಕೂ ದೊಡ್ಡ ದೇಶದ ಕೆಲಸಕ್ಕೂ ವ್ಯತ್ಯಾಸ ಇದೆ. ದ್ವೀಪದಲ್ಲಿ ಪಾಠದ ಹೊರೆ ಜಾಸ್ತಿ, ಸಂಶೋಧನೆಗೆ ಸಮಯ ಕಡಿಮೆ, ಕೆಲವು ಕಡೆ ಹುದ್ದೆ ಮೂರು ವರ್ಷದ ಒಪ್ಪಂದದ್ದು. ಆದರೆ ನಿಮ್ಮ ವಿದ್ಯಾರ್ಥಿಗಳು ನಾಳೆ ಆ ದೇಶವನ್ನು ನಡೆಸುವವರು. ನಿಮ್ಮ ವರದಿಯನ್ನು ಮಂತ್ರಿಗಳೇ ಓದಿ ಫೋನ್ ಮಾಡುವಷ್ಟು ಅಂತರ ಕಡಿಮೆ. ದೊಡ್ಡ ದೇಶದಲ್ಲಿ ಹಣ, ಗ್ರಂಥಾಲಯ, ಸಮಯ ಸಿಗುತ್ತದೆ, ದ್ವೀಪ ಮಾತ್ರ ದೂರವಾಗುತ್ತದೆ. ದೊಡ್ಡ ದೇಶದಲ್ಲಿದ್ದರೆ ವರ್ಷಕ್ಕೊಮ್ಮೆಯಾದರೂ ಹೋಗಿ ಬರುವ ಖರ್ಚನ್ನು ನಿಮ್ಮ ಪ್ರತಿ ಅನುದಾನದ ಅರ್ಜಿಯಲ್ಲಿ ಸೇರಿಸಿ. ವಿಶ್ವವಿದ್ಯಾಲಯದ ಹೊರಗೆ ಪೆಸಿಫಿಕ್ ಮತ್ತು ಕೆರಿಬಿಯನ್ ಪ್ರವಾಸೋದ್ಯಮ ಸಂಸ್ಥೆಗಳಲ್ಲಿ, ವಿಶ್ವಸಂಸ್ಥೆಯ ಸಂಸ್ಥೆಗಳಲ್ಲಿ, ಅಭಿವೃದ್ಧಿ ಬ್ಯಾಂಕುಗಳಲ್ಲಿ ಕೆಲಸ ಇರುತ್ತದೆ. ಒಂದೆರಡು ವರ್ಷ ಅಲ್ಲಿ ದುಡಿದು ಮರಳಿದರೆ ಪಾಠಕ್ಕೆ ತೂಕ ಬರುತ್ತದೆ.

ಹೆಜ್ಜೆ 9: ಸಲಹೆಗಾರರಾಗಿ ಕರೆ ಬಂದಾಗ

ನಾಲ್ಕೈದು ವರ್ಷ ಒಂದೇ ಜಾಗದಲ್ಲಿ ಕೆಲಸ ಮಾಡಿದರೆ ಕರೆ ಬಂದೇ ಬರುತ್ತದೆ. ಸರ್ಕಾರ ಒಂದು ಯೋಜನೆ ಬರೆಸಬೇಕು, ಆರು ವಾರ ಸಮಯ, ಹಣ ಚೆನ್ನಾಗಿದೆ. ಒಪ್ಪಿಕೊಳ್ಳುವ ಮುನ್ನ ಒಪ್ಪಂದದಲ್ಲಿ ಮೂರು ಸಾಲು ಸೇರಿಸಲು ಕೇಳಿ. ವರದಿಯನ್ನು ಸಾರ್ವಜನಿಕರಿಗೆ ತೆರೆದಿಡಬೇಕು. ಕಲೆ ಹಾಕಿದ ಮಾಹಿತಿ, ಹೆಸರುಗಳನ್ನು ತೆಗೆದ ನಂತರ, ಆ ದೇಶದ ಅಂಕಿಅಂಶ ಕಚೇರಿಯಲ್ಲೇ ಉಳಿಯಬೇಕು. ತಂಡದಲ್ಲಿ ಅಲ್ಲಿಯ ಒಬ್ಬ ಯುವ ಸಂಶೋಧಕ ಅಥವಾ ಸಂಶೋಧಕಿ ಸಮಾನ ಸಂಬಳದಲ್ಲಿ ಇರಬೇಕು, ವರದಿಯ ಮುಖಪುಟದಲ್ಲಿ ಅವರ ಹೆಸರೂ ಇರಬೇಕು. ಎರಡನೇ ಸಾಲಿಗೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಮೊದಲನೆಯದಕ್ಕೆ ಚೌಕಾಸಿ ನಡೆಯುತ್ತದೆ, ಕೆಲವು ಪುಟಗಳನ್ನು ಬಿಟ್ಟುಕೊಡಬೇಕಾದೀತು. ಮೂರನೆಯದನ್ನು ಒಪ್ಪದಿದ್ದರೆ ಕೆಲಸ ಬಿಟ್ಟುಬಿಡಿ. ಮುಂದಿನ ಸಲ ಅದೇ ದೇಶ ಯೋಜನೆ ಬರೆಸುವಾಗ ಹೊರಗಿನವರನ್ನು ಕರೆಯದೆ ಆ ಸಂಶೋಧಕಿಯನ್ನೇ ಕರೆಯುವ ಹಾಗಾಗಬೇಕು.